ಗುಬ್ಬಿಗೆ ಬಂದ ರೈಲು, ಕುಣಿಗಲ್ ಕಾದ ರೈಲು

2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಓಡಲಾರಂಭಿಸಿದಾಗ ತುಮಕೂರಿನ ಪಾಲಿಗೆ ಬಂದದ್ದು ಅದರ ಗಾಳಿ ಮಾತ್ರ. ಯಶವಂತಪುರ ಬಿಟ್ಟ ಬಂಡಿ ಮತ್ತೆ ನಿಲ್ಲುತ್ತಿದ್ದುದು ದಾವಣಗೆರೆಯಲ್ಲಿ. ನಡುವೆ ಸಿಗುವ ಜಿಲ್ಲಾ ಕೇಂದ್ರದ ಪ್ಲಾಟ್‌ಫಾರಂನಲ್ಲಿ ನಿಂತವರ ಎದುರಿಗೇ ಅದು ಹಾದುಹೋಗುತ್ತಿತ್ತು. ನಿಲುಗಡೆಗೆ ಮುಂದಿನ ವರ್ಷದ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ತುಮಕೂರು ಕ್ಷೇತ್ರದಿಂದಲೇ ಲೋಕಸಭೆಗೆ ಗೆದ್ದಿದ್ದ ವಿ. ಸೋಮಣ್ಣ ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದರು.

ವೇಗದ ರೈಲು ಎಲ್ಲಿ ನಿಲ್ಲಬೇಕು, ಹಳಿ ಯಾವ ಊರಿನ ಪಕ್ಕದಲ್ಲಿ ಹಾಯಬೇಕು, ಯಾವ ಊರನ್ನು ಬಿಟ್ಟು ಹೋಗಬೇಕು ಎಂಬುದನ್ನು ಎಂಜಿನಿಯರುಗಳು ಅಳತೆಪಟ್ಟಿ ಹಿಡಿದು ನಿರ್ಧರಿಸುತ್ತಾರೆಂಬ ನಂಬಿಕೆ ಸಾಮಾನ್ಯ. ತುಮಕೂರು ಜಿಲ್ಲೆಯ ರೈಲಿನ ಕಥೆ ಹಾಗೆ ಹೇಳುವುದಿಲ್ಲ. ಇಲ್ಲಿ ಹಳಿಯ ದಾರಿಯನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಅದಕ್ಕೆ ಹಾಕಿದ ಹಣ ಯಾರದು ಎಂಬ ಪ್ರಶ್ನೆ. ಆ ಹಣ ಮೊದಲು ಬಂದದ್ದು ಮೈಸೂರು ಸಂಸ್ಥಾನದ ಒಳಗಿನಿಂದ, ಆಮೇಲೆ ಲಂಡನ್ನಿನಿಂದ, ಅದಾದ ಮೇಲೆ ದೆಹಲಿಯಿಂದ. ಈಗ ಅರ್ಧ ದೆಹಲಿಯಿಂದ, ಅರ್ಧ ವಿಧಾನಸೌಧದಿಂದ ಬರುವುದೂ ಉಂಟು.

ಕಥೆ ಆರಂಭವಾಗುವುದು ಬರಗಾಲದಿಂದ. 1876ರಿಂದ 1878ರವರೆಗೆ ಮೈಸೂರನ್ನು ಹಿಂಡಿದ ಕ್ಷಾಮದಲ್ಲಿ ಸತ್ತವರ ಸಂಖ್ಯೆ ಹತ್ತು ಲಕ್ಷದಷ್ಟೆಂದು ಅಂದಾಜು. ತುಮಕೂರು ಜಿಲ್ಲೆಗೆ ತಗುಲಿದ ಪೆಟ್ಟು ಜನಗಣತಿಯ ಎರಡು ಅಂಕಿಗಳಲ್ಲೇ ಕಾಣುತ್ತದೆ. 1871ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 6 ಲಕ್ಷ 32 ಸಾವಿರ, ಹತ್ತು ವರ್ಷದ ನಂತರ 1881ರಲ್ಲಿ 4 ಲಕ್ಷ 13 ಸಾವಿರ. ಅಂದರೆ ಮೂವರಲ್ಲಿ ಒಬ್ಬರು ಕಾಣೆಯಾಗಿದ್ದರು. ಸತ್ತವರ ಜೊತೆಗೆ ಊರು ಬಿಟ್ಟು ಹೋದವರೂ, ಹುಟ್ಟದೆ ಹೋದ ಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ. 1871ರ ಸಂಖ್ಯೆಯನ್ನು ಜಿಲ್ಲೆ ಮತ್ತೆ ಮುಟ್ಟಿದ್ದು 1891ರ ಗಣತಿಯೂ ಕಳೆದ ಮೇಲೆ.

ಆ ಕ್ಷಾಮದ ಕ್ರೂರ ಸಂಗತಿಯೆಂದರೆ ಧಾನ್ಯ ಇಲ್ಲದೆ ಇರಲಿಲ್ಲ. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್ ಹಳಿ 1864ರಲ್ಲೇ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಬಂದಿತ್ತು. ಆ ದಾರಿಯಲ್ಲಿ ಮೂಟೆಗಳು ಬಂದು ಬೆಂಗಳೂರಿನಲ್ಲಿ ಇಳಿದವು, ರಾಶಿ ಬಿದ್ದವು. ಅಲ್ಲಿಂದ ಮುಂದೆ ಸಾಗಿಸುವುದಕ್ಕೆ ಎತ್ತಿನ ಗಾಡಿ ಬೇಕು, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ತುಮಕೂರು, ಶಿರಾ, ಮಧುಗಿರಿ ಕಡೆಯ ಹಳ್ಳಿಗೂ ಬೆಂಗಳೂರಿನ ಧಾನ್ಯದ ರಾಶಿಗೂ ನಡುವೆ ಇದ್ದ ದೂರ ಹೆಚ್ಚೆಂದರೆ ನಾಲ್ಕಾರು ದಿನದ ಗಾಡಿದಾರಿ. ಅಷ್ಟೇ ದೂರ ಜನರ ಜೀವ ತೆಗೆಯಿತು. ಈ ಸೀಮೆಯಲ್ಲಿ ರಸ್ತೆಗೆ ಕೊರತೆ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಇಂದಿಗೂ ದಾಬಸ್‌ಪೇಟೆಯಲ್ಲಿ ಉಳಿದಿದೆ. ರಸ್ತೆ ಇತ್ತು, ಅದರ ಮೇಲೆ ಗಾಡಿ ಎಳೆಯುವ ಪ್ರಾಣಿ ಇರಲಿಲ್ಲ.

ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿಗೆ ಮಣ್ಣು ಹೊತ್ತವರು ಇದೇ ಕ್ಷಾಮದಲ್ಲಿ ಕೂಲಿಗೆ ಬಂದವರು. ಹಣ ಸಂಸ್ಥಾನದ್ದು. ಆ ಮಾರ್ಗ 1882ರ ಫೆಬ್ರವರಿಯಲ್ಲಿ ಮೈಸೂರು ಮುಟ್ಟಿತು. ಅಷ್ಟರಲ್ಲಿ ರಾಜ್ಯದ ಆಡಳಿತವೂ ಬದಲಾಗಿತ್ತು. 1881ರ ಮಾರ್ಚ್ 25ರಂದು ಬ್ರಿಟಿಷರು ಐವತ್ತು ವರ್ಷಗಳ ನೇರ ಆಳ್ವಿಕೆ ಮುಗಿಸಿ ಅಧಿಕಾರವನ್ನು ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಸಿ. ರಂಗಾಚಾರ್ಲು ದಿವಾನರಾದರು.

ದಿವಾನರ ಕೈಗೆ ಬಂದ ಖಜಾನೆಯ ಸ್ಥಿತಿ ಹೀಗಿತ್ತು. ಕ್ಷಾಮದ ಖರ್ಚಿಗಾಗಿ ಬ್ರಿಟಿಷ್ ಸರ್ಕಾರಕ್ಕೆ ಕೊಡಬೇಕಾಗಿದ್ದ ಸಾಲ 80 ಲಕ್ಷ ರೂಪಾಯಿ. ವರ್ಷದ ಆದಾಯ ಸುಮಾರು ಒಂದು ಕೋಟಿ. ಅದರ ಮೇಲೆ ಪ್ರತಿವರ್ಷ ತೆರಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ, ಅದನ್ನು ಮೂವತ್ತೈದು ಲಕ್ಷಕ್ಕೆ ಏರಿಸುವ ಷರತ್ತು ಬೇರೆ. ಏರಿಕೆಯನ್ನು ಸದ್ಯಕ್ಕೆ ಮುಂದೂಡಿದ್ದರು ಎಂಬುದೊಂದೇ ಸಮಾಧಾನ. ರಾಜ್ಯವನ್ನು ಒಪ್ಪಿಸಿದ ಪತ್ರದಲ್ಲಿ ಇನ್ನೊಂದು ಅಂಶವೂ ಇತ್ತು: ಬ್ರಿಟಿಷ್ ಸರ್ಕಾರಕ್ಕೆ ಸಂಸ್ಥಾನದೊಳಗೆ ರೈಲು ಹಾಕಬೇಕೆನಿಸಿದರೆ ಅದಕ್ಕೆ ಬೇಕಾದ ನೆಲವನ್ನು ಮಹಾರಾಜರು ಬೆಲೆ ಕೇಳದೆ ಬಿಟ್ಟುಕೊಡಬೇಕು. ನೆಲ ಬಿಟ್ಟಿಯಾಗಿ ಕೊಡುವ ಈ ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಮುಂದೆ ಉಪಯೋಗವಾಗುತ್ತದೆ.

ಇಂಥ ಖಜಾನೆ ಇಟ್ಟುಕೊಂಡು ಯಾವ ಜಾಣ ಗುಮಾಸ್ತನಾದರೂ ಖರ್ಚು ಕಡಿತದ ಮಾತನ್ನಾಡಿಯಾನು. ರಂಗಾಚಾರ್ಲು ಸಂಬಳ, ಸಾದಿಲ್ವಾರುಗಳನ್ನು ಕಡಿತ ಮಾಡಿದರು ನಿಜ, ರೈಲನ್ನು ಮಾತ್ರ ಕಡಿಯಲಿಲ್ಲ. ಅವರ ಲೆಕ್ಕ ನೇರವಾಗಿತ್ತು. ಮತ್ತೊಂದು ಕ್ಷಾಮ ಬಂದರೆ ಆಗುವ ಖರ್ಚಿಗಿಂತ ರೈಲಿನ ಖರ್ಚು ಅಗ್ಗ. ಬೆಂಗಳೂರಿನಿಂದ ತುಮಕೂರು, ಗುಬ್ಬಿ ಮಾರ್ಗವಾಗಿ ತಿಪಟೂರಿನ ಕಡೆಗೆ ಹಳಿ ಹಾಕುವುದೆಂದು ತೀರ್ಮಾನವಾಯಿತು. ಹಣಕ್ಕೆ ಅವರು ಲಂಡನ್ನಿನತ್ತ ನೋಡಲಿಲ್ಲ, ಸಂಸ್ಥಾನದಲ್ಲೇ ಸುಮಾರು 20 ಲಕ್ಷ ರೂಪಾಯಿ ಸಾಲ ಎತ್ತಿದರು. ಉಳ್ಳವರು ಮನೆಯಲ್ಲಿ ಹೂತಿಟ್ಟಿದ್ದ ಹಣ ಸರ್ಕಾರದ ಮಾತಿನ ಮೇಲೆ ಹಳಿಗೆ ಬಿತ್ತು. ರೈಲನ್ನು ಇಂಗ್ಲಿಷ್ ಕಂಪನಿಗಳು ಇಂಗ್ಲೆಂಡಿನ ಹಣದಲ್ಲಿ ಕಟ್ಟುವುದೇ ರೂಢಿಯಾಗಿದ್ದ ಕಾಲದಲ್ಲಿ ಒಂದು ದೇಶೀ ಸಂಸ್ಥಾನ ತನ್ನ ಪ್ರಜೆಗಳಿಂದಲೇ ಸಾಲ ಪಡೆದದ್ದು ಸಣ್ಣ ಸಂಗತಿಯಲ್ಲ. 1881ರ ಅಕ್ಟೋಬರ್ 7ರಂದು ಮೊದಲು ಸೇರಿದ ಪ್ರಜಾಪ್ರತಿನಿಧಿ ಸಭೆಯ ಬಗ್ಗೆ ಇತಿಹಾಸದ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ಅದೇ ದಿವಾನರ ಈ ರೈಲು ಸಾಲಕ್ಕೆ ಅಲ್ಲಿ ಸಿಗುವುದು ಒಂದೆರಡು ಸಾಲು. ಜನರ ಅಭಿಪ್ರಾಯ ಕೇಳಿದ್ದು ದೊಡ್ಡದೇ, ಜನರ ಹಣ ಕೇಳಿ ಪಡೆದದ್ದು ಅದಕ್ಕಿಂತ ಕಷ್ಟದ ಕೆಲಸ.

ರಂಗಾಚಾರ್ಲು ಆ ರೈಲನ್ನು ಕಾಣಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ, 1884ರಲ್ಲಿ, ತುಮಕೂರಿಗೆ ಉಗಿಬಂಡಿ ಬಂತು. ಅದರ ಬೆನ್ನಿಗೇ ಗುಬ್ಬಿ ಮುಟ್ಟಿತು. ಅಲ್ಲಿಗೆ ಹಣವೂ ಹಳಿಯೂ ನಿಂತವು.

ಇಂದು ಗುಬ್ಬಿ ನಿಲ್ದಾಣದಲ್ಲಿ ಎಷ್ಟೋ ಎಕ್ಸ್‌ಪ್ರೆಸ್ ರೈಲುಗಳು ನಿಲ್ಲದೆ ಹೋಗುವುದನ್ನು ನೋಡಿದವರಿಗೆ, ಒಂದು ಕಾಲಕ್ಕೆ ರೈಲಿನ ಕೊನೆಯೇ ಇದಾಗಿತ್ತು ಎಂದರೆ ಸೋಜಿಗವಾದೀತು. ಊರು ಮಾತ್ರ ಸಣ್ಣದಾಗಿರಲಿಲ್ಲ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ವ್ಯಾಪಾರವನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಮಲೆನಾಡಿನ ನಗರ ಸೀಮೆಯ ಅಡಿಕೆ, ಬಯಲುಸೀಮೆಯ ಕೊಬ್ಬರಿ, ಕಂಬಳಿ, ಬಟ್ಟೆ ಇಲ್ಲಿ ಕೈ ಬದಲಾಯಿಸಿ ಬಳ್ಳಾರಿಗೂ ವಾಲಾಜಪೇಟೆಗೂ ಹೋಗುತ್ತಿದ್ದವು. ಅಂಥ ಪೇಟೆಗೆ ರೈಲಿನ ತುದಿ ಬಂದು ಕೂತರೆ ಏನಾಗಬೇಕೋ ಅದೇ ಆಯಿತು. ಮೇಲಿನ ತಾಲೂಕುಗಳ ಗಾಡಿಗಳೆಲ್ಲ ಗುಬ್ಬಿಯತ್ತ ತಿರುಗಿದವು. ಇನ್ನೊಂದು ಕಾಕತಾಳೀಯವನ್ನೂ ಹೇಳಿಬಿಡಬೇಕು: ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು ಇದೇ 1884ರಲ್ಲಿ. ರೈಲಿನಿಂದಲೇ ನಾಟಕ ಹುಟ್ಟಿತೆಂದು ಹೇಳಲು ಬಾರದು. ಆದರೆ ಮುಂದೆ ವೀರಣ್ಣನವರ ಕಾಲದಲ್ಲಿ ದಕ್ಷಿಣದ ಊರೂರು ಸುತ್ತಿದ ಕಂಪನಿಯೊಂದಕ್ಕೆ ಪರದೆ, ಪೆಟ್ಟಿಗೆ, ನಟವರ್ಗವನ್ನೆಲ್ಲ ಹತ್ತಿಸಲು ಸ್ವಂತ ಊರಲ್ಲೇ ಒಂದು ನಿಲ್ದಾಣವಿದ್ದುದು ಕಡಿಮೆ ಅನುಕೂಲವೇನೂ ಅಲ್ಲ.

ಗುಬ್ಬಿಯಿಂದ ಮುಂದಕ್ಕೆ ಹಳಿ ಎಳೆಯುವ ಹೊಣೆ ಹೊಸ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ತಲೆಗೆ ಬಂತು. ಊರಿನ ಹಣ ಮುಗಿದಿತ್ತು. ಆ ಹೊತ್ತಿಗೆ ಉತ್ತರದಲ್ಲಿ, ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ, ಸದರ್ನ್ ಮರಾಠಾ ರೈಲ್ವೆ ಎಂಬ ಲಂಡನ್ ಕಂಪನಿ ಹುಬ್ಬಳ್ಳಿ, ಗದಗಗಳ ಸುತ್ತ ಮೀಟರ್‌ಗೇಜ್ ಜಾಲ ಹೆಣೆಯುತ್ತಿತ್ತು. ಹರಿಹರದಲ್ಲಿ ಅದು ಮೈಸೂರಿನ ಗಡಿ ಮುಟ್ಟುವುದಿತ್ತು. ಗುಬ್ಬಿ ಮತ್ತು ಹರಿಹರ ಕೂಡಿದರೆ ಬೆಂಗಳೂರಿಗೂ ಪುಣೆಗೂ ನೇರ ದಾರಿ. ಇದು ವ್ಯಾಪಾರಕ್ಕೆ ಬೇಕಾಗಿತ್ತು, ದಂಡಿನ ಸಾಗಾಟಕ್ಕೆ ಬ್ರಿಟಿಷರಿಗೂ ಬೇಕಾಗಿತ್ತು. 1886ರ ಒಪ್ಪಂದದಲ್ಲಿ ಮೈಸೂರು ಸರ್ಕಾರ ತಾನು ಕಟ್ಟಿದ ಮೈಸೂರು–ಬೆಂಗಳೂರು–ಗುಬ್ಬಿ ಮಾರ್ಗವನ್ನು, ಸುಮಾರು 140 ಮೈಲಿ ಹಳಿಯನ್ನು, ಕಂಪನಿಯ ಕೈಗೆ ಒತ್ತೆ ಇಟ್ಟಿತು. ಅದರ ಆಧಾರದ ಮೇಲೆ ಲಂಡನ್ನಿನಲ್ಲಿ ಶೇಕಡಾ 4ರ ಬಡ್ಡಿಗೆ 12 ಲಕ್ಷ ಪೌಂಡ್ ಸಾಲ ಎತ್ತಲಾಯಿತು. ರೈಲು ಓಡಿಸುವುದು ಕಂಪನಿ, ಲಾಭದಲ್ಲಿ ಅದಕ್ಕೂ ಒಂದು ಪಾಲು, ಬಡ್ಡಿಯ ಭಾರ ಮೈಸೂರಿನದು. 1889ರ ಹೊತ್ತಿಗೆ ಹರಿಹರದವರೆಗೆ ಗಾಡಿ ಓಡಿತು. ಕೆಲಸ ಬೇಗನೆ ಮುಗಿದದ್ದನ್ನು ಒಪ್ಪಲೇಬೇಕು.

ಆದರೆ ಪೌಂಡಿನಲ್ಲಿ ಮಾಡಿದ ಸಾಲಕ್ಕೆ ಒಂದು ಗುಣವಿದೆ. ಸಾಲ ಮಾಡಿದವನು ಸುಮ್ಮನೆ ಕೂತಿದ್ದರೂ ಅದು ಬೆಳೆಯುತ್ತದೆ. 12 ಲಕ್ಷ ಪೌಂಡಿಗೆ ಶೇಕಡಾ 4ರಂತೆ ವರ್ಷದ ಬಡ್ಡಿ 48 ಸಾವಿರ ಪೌಂಡ್. ಆಗ ಬೆಳ್ಳಿಯ ಬೆಲೆ ಇಳಿಯುತ್ತಿತ್ತು, ಬೆಳ್ಳಿ ರೂಪಾಯಿಯೂ ಅದರ ಜೊತೆಗೇ ಇಳಿಯುತ್ತಿತ್ತು. ಒಪ್ಪಂದದ ವರ್ಷ ಒಂದು ಪೌಂಡಿಗೆ ಹದಿಮೂರು, ಹದಿನಾಲ್ಕು ರೂಪಾಯಿ ಕೊಟ್ಟರೆ ಸಾಕಾಗಿತ್ತು. 1894–95ರಲ್ಲಿ ಹದಿನೆಂಟು ರೂಪಾಯಿಯೂ ಸಾಲದಾಯಿತು. ಅದೇ 48 ಸಾವಿರ ಪೌಂಡನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಆರೂವರೆ ಲಕ್ಷದ ಆಸುಪಾಸಿನಲ್ಲಿದ್ದ ಬಡ್ಡಿ ಎಂಟೂಮುಕ್ಕಾಲು ಲಕ್ಷ ಆಗುತ್ತದೆ. ಗುಬ್ಬಿಯ ಪ್ರಯಾಣಿಕ ಹೆಚ್ಚಾಗಿರಲಿ ಬಿಡಲಿ, ತಿಪಟೂರಿನ ಕೊಬ್ಬರಿ ಹೋಗಲಿ ಬಿಡಲಿ, ಸಾಲ ಮಾತ್ರ ಲಂಡನ್ನಿನ ಗಡಿಯಾರಕ್ಕೆ ಏರುತ್ತಿತ್ತು. ಅಂದು ಊರಿನ ಸಾಲಕ್ಕೂ ಸೀಮೆಯ ಸಾಲಕ್ಕೂ ಇದ್ದ ವ್ಯತ್ಯಾಸ ಇಷ್ಟು.

ಬೇರೊಂದು ವ್ಯತ್ಯಾಸವೂ ಆಯಿತು. 20 ಲಕ್ಷದ ಹಳಿ ಬೆಂಗಳೂರಿನಿಂದ ಹೊರಟು ಒಳನಾಡಿಗೆ ಬಂದ ಹಳಿ. ಅದರ ಗುರಿ ತುಮಕೂರು, ಗುಬ್ಬಿ, ತಿಪಟೂರು. ಲಂಡನ್ ಹಣದ ಹಳಿಯ ಗುರಿ ಎರಡು ದೊಡ್ಡ ತುದಿಗಳು, ಬೆಂಗಳೂರು ಮತ್ತು ಪುಣೆ. ನಡುವಿನ ಊರುಗಳು ಅದಕ್ಕೆ ದಾರಿಯಲ್ಲಿ ಸಿಗುವ ನಿಲ್ದಾಣಗಳು. ಹಳಿಯ ಕೊನೆಯಾಗಿದ್ದ ಗುಬ್ಬಿ ಐದಾರು ವರ್ಷದೊಳಗೆ ವೇಳಾಪಟ್ಟಿಯ ಒಂದು ಸಾಲಾಯಿತು.

ಕುಣಿಗಲ್ ಕಥೆ ಬೇರೆ. ತುಮಕೂರಿನಿಂದ ದಕ್ಷಿಣಕ್ಕೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್ ದೂರದ ಈ ಊರು ಹೆಸರಿಲ್ಲದ ಊರೇನಲ್ಲ. ಅದರ ಕೆರೆ ಜನಪದ ಹಾಡಿನ ಮೂಲಕ ಕನ್ನಡ ನಾಡಿಗೆಲ್ಲ ಪರಿಚಿತ. ಅಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ ಅಶ್ವದಳದ ನೆನಪನ್ನು ಹೊತ್ತು ನಿಂತಿದೆ. ಓಟದ ಕುದುರೆಗೆ ಹೆಸರಾದ ಊರಿಗೆ ಉಗಿಬಂಡಿ ಮಾತ್ರ ಬರಲಿಲ್ಲ. ಕಾರಣ ನಕ್ಷೆಯಲ್ಲಿ ಕಾಣುತ್ತದೆ. ಬೆಂಗಳೂರಿನಿಂದ ಒಂದು ಹಳಿ ನೈರುತ್ಯಕ್ಕೆ ಮೈಸೂರಿನ ಕಡೆ ಹೋಯಿತು, ಇನ್ನೊಂದು ವಾಯವ್ಯಕ್ಕೆ ತುಮಕೂರಿನ ಕಡೆ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಕೈಗೆತ್ತಿಕೊಂಡ ಮೈಸೂರು–ಹಾಸನ–ಅರಸೀಕೆರೆ ಮಾರ್ಗ ಈ ಎರಡರ ತುದಿಗಳನ್ನು ಪಶ್ಚಿಮದಲ್ಲಿ ಕೂಡಿಸಿತು. ತ್ರಿಕೋನ ಪೂರ್ತಿಯಾಯಿತು, ಕುಣಿಗಲ್ ಅದರ ಹೊಟ್ಟೆಯೊಳಗೆ ಉಳಿಯಿತು. ಹಾಸನದವರು ಬೆಂಗಳೂರಿಗೆ ರೈಲಿನಲ್ಲಿ ಬರಬೇಕಾದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರಬೇಕು. ನೇರ ದಾರಿಯಲ್ಲಿದ್ದ ಕುಣಿಗಲ್ಲಿನವರಿಗೆ ಬಸ್ಸೇ ಗತಿ.

ವಿಶ್ವೇಶ್ವರಯ್ಯನವರ ಕಾಲದಲ್ಲಿ ಸ್ಥಳೀಯ ಹಣದ ಪ್ರಯೋಗ ಮತ್ತೆ ನಡೆಯಿತು ಎಂಬುದನ್ನು ಇಲ್ಲಿ ಹೇಳಬೇಕು. ಬೌರಿಂಗ್‌ಪೇಟೆ–ಕೋಲಾರ ಸಣ್ಣ ರೈಲು ಜಿಲ್ಲಾ ಬೋರ್ಡಿನ ಆಸರೆಯಲ್ಲಿ ಬಂತು. ಚಿಕ್ಕಬಳ್ಳಾಪುರದ ಕಡೆಗೆ ಹೋದ ಲಘು ರೈಲಿಗೆ ಕಂಪನಿಯೇ ಹುಟ್ಟಿತು. ಆ ಹಳಿಗಳು ಕಿರಿದು, ಬಂಡಿಗಳು ನಿಧಾನ. ಆದರೆ ಎಲ್ಲಿ ನಿಲ್ಲಬೇಕೆಂಬ ಮಾತು ಜಿಲ್ಲೆಯಲ್ಲೇ ತೀರ್ಮಾನವಾಗುತ್ತಿತ್ತು.

ಒತ್ತೆ ಇಟ್ಟ ಹಳಿಯನ್ನು ಬಿಡಿಸಿಕೊಳ್ಳುವುದಕ್ಕೆ ಮೈಸೂರಿಗೆ ಬಹಳ ಕಾಲ ಹಿಡಿಯಿತು. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿ ‘ಎಂ. ಅಂಡ್ ಎಸ್.ಎಂ.’ ಆಯಿತು. 1919ರಿಂದ ಸಂಸ್ಥಾನ ಒಂದೊಂದೇ ಮಾರ್ಗದ ಆಡಳಿತವನ್ನು ಹಿಂದಕ್ಕೆ ಪಡೆಯತೊಡಗಿತು; ಬೆಂಗಳೂರು–ಹರಿಹರ ಮಾರ್ಗ ಮರಳಿ ಕೈಸೇರಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1938ರಲ್ಲಿ. ಹನ್ನೆರಡು ವರ್ಷ ಮಾತ್ರ ಅದು ಮೈಸೂರಿನದಾಗಿ ಓಡಿತು. 1950ರ ಏಪ್ರಿಲ್‌ನಲ್ಲಿ ಸಂಸ್ಥಾನದ ರೈಲ್ವೆ ಕೇಂದ್ರಕ್ಕೆ ಸೇರಿತು, ಮರುವರ್ಷ ಏಪ್ರಿಲ್ 14ರಂದು ಹುಟ್ಟಿದ ದಕ್ಷಿಣ ರೈಲ್ವೆಯ ಭಾಗವಾಯಿತು.

ಅಲ್ಲಿಂದ ಮುಂದೆ ಹಣದ ಕೀಲಿ ದೆಹಲಿಯ ರೈಲ್ವೆ ಮಂಡಳಿಯಲ್ಲಿ. 1924ರಿಂದ 2016ರವರೆಗೆ ರೈಲ್ವೆಗೆ ಬೇರೆಯೇ ಬಜೆಟ್ ಇತ್ತು. ಪ್ರತಿ ಫೆಬ್ರವರಿಯಲ್ಲೂ ಎಲ್ಲ ಊರುಗಳೂ ಅದಕ್ಕೆ ಕಿವಿಗೊಟ್ಟು ಕೂರುತ್ತಿದ್ದವು. ಹೊಸ ಮಾರ್ಗ ಬೇಕೆಂದರೆ ಮಂಡಳಿ ಮೊದಲು ಕೇಳುತ್ತಿದ್ದುದು ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 14ರಷ್ಟು ಹುಟ್ಟುವಳಿ ಬರುತ್ತದೆಯೇ ಎಂದು. ಅದಿರು, ಕಲ್ಲಿದ್ದಲು ಸಾಗಿಸುವ ಹಳಿ ಈ ಪರೀಕ್ಷೆಯಲ್ಲಿ ಪಾಸಾದೀತು. ಬೆಳಿಗ್ಗೆ ಕಾಲೇಜಿಗೂ ಕಚೇರಿಗೂ ಹೋಗಿ ಸಂಜೆ ಮನೆಗೆ ಮರಳುವ ತಿಂಗಳ ಪಾಸಿನವರನ್ನು ಹೊರುವ ಹಳಿ ಪಾಸಾಗುವುದಿಲ್ಲ. ಅವರಿಂದ ರಾಜ್ಯಕ್ಕೆ ಬರುವ ಲಾಭ ಅವರ ದುಡಿಮೆಯಲ್ಲಿದೆ, ಖಾಲಿಯಾಗುವ ರಸ್ತೆಯಲ್ಲಿದೆ, ಬೆಂಗಳೂರಿನಲ್ಲಿ ಅವರು ಹುಡುಕದೆ ಹೋದ ಬಾಡಿಗೆ ಮನೆಯಲ್ಲಿದೆ. ಅದಾವುದೂ ಟಿಕೆಟ್ ಕೌಂಟರಿನಲ್ಲಿ ಜಮೆಯಾಗುವುದಿಲ್ಲ. ರಂಗಾಚಾರ್ಲು ಕ್ಷಾಮದ ಖರ್ಚನ್ನು ಲೆಕ್ಕಕ್ಕೆ ಹಿಡಿದಿದ್ದರು. ಮಂಡಳಿಯ ಸೂತ್ರದಲ್ಲಿ ಅಂಥ ಅಂಕಣ ಇರಲಿಲ್ಲ.

ಹಾಗೆಂದು ದೆಹಲಿ ಏನೂ ಮಾಡಲಿಲ್ಲ ಎಂದರೆ ತಪ್ಪಾದೀತು. 1992ರಲ್ಲಿ, ಚಳ್ಳಕೆರೆ ಮೂಲದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ, ದೇಶದ ಹಳಿಯನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಆರಂಭವಾಯಿತು. ಅದರಡಿ ತೊಂಬತ್ತರ ದಶಕದ ನಡುವೆ ಬೆಂಗಳೂರು–ತುಮಕೂರು–ಹುಬ್ಬಳ್ಳಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಮೀಟರ್‌ಗೇಜ್ ಬಂಡಿಯ ಕಾಲ ಮುಗಿಯಿತು. ಅದೇ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಹಣ ಹೊಂದಿಸುವ ಇನ್ನೊಂದು ಬಗೆ ಪ್ರಯೋಗಕ್ಕೆ ಬಂತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಬಂಡವಾಳದಲ್ಲಿ ಕೇಂದ್ರಕ್ಕೆ ಶೇಕಡಾ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6ರ ಪಾಲು. ಉಳಿದ ದೊಡ್ಡ ಮೊತ್ತ ಸಾರ್ವಜನಿಕರಿಗೆ ಮಾರಿದ ಬಾಂಡುಗಳಿಂದ ಬಂತು. ನೂರು ವರ್ಷ ಹಿಂದೆ ಮೈಸೂರು ಮಾಡಿದ್ದ ಊರಸಾಲದ ದೊಡ್ಡ ರೂಪ ಇದು. 1998ರ ಜನವರಿ 26ರಂದು ಆ ಮಾರ್ಗ ಪೂರ್ತಿ ತೆರೆಯಿತು.

ಕುಣಿಗಲ್ಲಿಗೆ ಇಂಥ ಅದೃಷ್ಟ ಕೂಡಿಬರಲು ಹಾಸನದವರೊಬ್ಬರು ಪ್ರಧಾನಿಯಾಗಬೇಕಾಯಿತು. ಎಚ್.ಡಿ. ದೇವೇಗೌಡರ ಅಧಿಕಾರಾವಧಿಯಲ್ಲಿ, 1996–97ರಲ್ಲಿ, ಹಾಸನ–ಬೆಂಗಳೂರು ಹೊಸ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು. ಚಿಕ್ಕಬಾಣಾವರದಲ್ಲಿ ತುಮಕೂರು ಹಳಿಯಿಂದ ಕವಲೊಡೆದು ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ದಾರಿ. ದೇವೇಗೌಡರು ಹತ್ತು ತಿಂಗಳಲ್ಲಿ ಇಳಿದರು, ಹಣವೂ ಇಳಿಮುಖವಾಯಿತು. ಹಾಸನದ ಕಡೆಯಿಂದ ಶ್ರವಣಬೆಳಗೊಳದವರೆಗಿನ ತುಂಡು ಮಹಾಮಸ್ತಕಾಭಿಷೇಕದ ವರ್ಷ, 2006ರಲ್ಲಿ, ತೆರೆಯಿತು. ಬಾಹುಬಲಿಯ ನೆಪವಿರದಿದ್ದರೆ ಇನ್ನೆಷ್ಟು ತಡವಾಗುತ್ತಿತ್ತೋ. ಉಳಿದ ಭಾಗಕ್ಕೆ ರಾಜ್ಯ ಸರ್ಕಾರವೂ ವೆಚ್ಚದ ಪಾಲು ಕೊಡಬೇಕಾಯಿತು. ಕೊನೆಗೆ 2017ರ ಮಾರ್ಚ್ 26ರಂದು ಯಶವಂತಪುರ–ಹಾಸನ ಇಂಟರ್‌ಸಿಟಿ ರೈಲು ಕುಣಿಗಲ್ ಮೂಲಕ ಓಡಿತು. ತುಮಕೂರಿಗೆ ಉಗಿಬಂಡಿ ಬಂದ ಮೇಲೆ ನೂರ ಮೂವತ್ತಮೂರು ವರ್ಷ ಕಳೆದಿತ್ತು.

ವೆಚ್ಚದ ಪಾಲು ಎಂಬುದು ಈಗ ಕರ್ನಾಟಕಕ್ಕೆ ರೂಢಿಯಾಗಿದೆ. ಮಧುಗಿರಿ, ಪಾವಗಡದ ಮೇಲೆ ಹೋಗುವ ತುಮಕೂರು–ರಾಯದುರ್ಗ ಮಾರ್ಗ 2007–08ರಲ್ಲಿ, ಶಿರಾ, ಚಿತ್ರದುರ್ಗದ ಮೇಲಿನ ತುಮಕೂರು–ದಾವಣಗೆರೆ ಮಾರ್ಗ 2011–12ರಲ್ಲಿ ಮಂಜೂರಾದವು. ಎರಡರಲ್ಲೂ ಅರ್ಧ ವೆಚ್ಚ ರಾಜ್ಯದ್ದೆಂದು ಮಾತಾಯಿತು. ದಾವಣಗೆರೆ ಮಾರ್ಗಕ್ಕಂತೂ ನೆಲವನ್ನೂ ರಾಜ್ಯವೇ ಉಚಿತವಾಗಿ ಕೊಡಬೇಕು. 1881ರ ಒಪ್ಪಿಸುವ ಪತ್ರದ ಷರತ್ತನ್ನು ಇಲ್ಲಿ ನೆನೆಯಬಹುದು. ಅಂದು ಬಿಟ್ಟಿ ನೆಲ ಕೇಳಿದ್ದು ಸಾಮ್ರಾಜ್ಯ, ಇಂದು ಕೇಳುವುದು ಒಕ್ಕೂಟ. ಎರಡಕ್ಕೂ ಅಜಗಜಾಂತರ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನೆಲ, ಅರ್ಧ ಹಣ ಎರಡನ್ನೂ ಕೊಟ್ಟ ಮೇಲೆ ವೇಳಾಪಟ್ಟಿಯಲ್ಲಿ ರಾಜ್ಯಕ್ಕೆ ಎಷ್ಟು ಮಾತಿದೆ ಎಂದು ಕೇಳುವುದು ಅನ್ಯಾಯವಲ್ಲ. ರೈಲು ಕೇಂದ್ರದ್ದು, ನಿಲುಗಡೆ ಮಂಡಳಿಯ ಕೃಪೆ. ಕೊಂಕಣ ನಿಗಮದಲ್ಲಿ ಶೇಕಡಾ 15ರ ಪಾಲಿಗೆ ಕೊನೆಯ ಪಕ್ಷ ಷೇರುಗಳಿದ್ದವು.

ಇದಕ್ಕೆ ಪೂರ್ತಿ ಬೇರೆ ದಾರಿ ದೆಹಲಿ–ಮೀರತ್ ನಡುವಿನದು. ಗಂಟೆಗೆ 160 ಕಿಲೋಮೀಟರ್ ಓಡುವ ನಮೋ ಭಾರತ್ ರೈಲಿನ ಮೊದಲ ತುಂಡು 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಕೇಂದ್ರ, ಎರಡು ರಾಜ್ಯ ಸರ್ಕಾರಗಳು ಮತ್ತು ವಿದೇಶಿ ಸಾಲ ಸೇರಿ, 82 ಕಿಲೋಮೀಟರಿಗೆ 30 ಸಾವಿರ ಕೋಟಿ ರೂಪಾಯಿಯ ಯೋಜನೆ. ಅಲ್ಲಿಯೂ ಪಾಲಿನ ಜಗಳ ತಪ್ಪಲಿಲ್ಲ. ದೆಹಲಿ ಸರ್ಕಾರ ತನ್ನ ಭಾಗ ಕೊಡದೆ ಉಳಿಸಿಕೊಂಡಾಗ, ಜಾಹೀರಾತಿಗೆ ಇರುವ ಹಣ ರೈಲಿಗೆ ಇಲ್ಲವೇ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಚಾಟಿ ಬೀಸಬೇಕಾಯಿತು.

ಅಂಥ ವೇಗ ತುಮಕೂರಿಗೂ ಬೇಕೇ? ಬೇಕು ಎನ್ನುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಬಹುದು. ಬೆಂಗಳೂರು–ತುಮಕೂರು ಹಳಿಯ ಉದ್ದ ಸುಮಾರು 70 ಕಿಲೋಮೀಟರ್. ಎಲ್ಲೂ ನಿಲ್ಲದೆ ಗಂಟೆಗೆ 110ರಂತೆ ಓಡಿದರೆ 38 ನಿಮಿಷ, 160ರಂತೆ ಓಡಿದರೆ 26 ನಿಮಿಷ. ಉಳಿತಾಯ ಹನ್ನೆರಡು ನಿಮಿಷ. ದಿನವೂ ಓಡಾಡುವವರ ಬಂಡಿ ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಹಿರೇಹಳ್ಳಿಯಲ್ಲೋ ದಾಬಸ್‌ಪೇಟೆಯಲ್ಲೋ ಪಕ್ಕದ ಹಳಿಯಲ್ಲಿ ಕಾಯುತ್ತ ನಿಂತರೆ ಆ ಹನ್ನೆರಡು ನಿಮಿಷ ಅಲ್ಲೇ ಹೋಯಿತು. ಹಿಂದೆ ಒಂಟಿ ಹಳಿಯಿದ್ದಾಗ ಎದುರಿನಿಂದ ಬರುವ ಬಂಡಿಗೂ ಹೀಗೆಯೇ ಕಾಯಬೇಕಿತ್ತು. ಜೋಡಿ ಹಳಿ ಬಂದ ಮೇಲೆ ಆ ಕಾಟ ತಪ್ಪಿತು. ವಿದ್ಯುದೀಕರಣವಾದ ಮೇಲೆ ಬಂದ ಮೆಮು ರೈಲಿನ ಅನುಕೂಲವೂ ಇಂಥದೇ: ಅದರ ಗರಿಷ್ಠ ವೇಗ ದೊಡ್ಡದಲ್ಲ, ನಿಲ್ದಾಣ ಬಿಟ್ಟ ಕೂಡಲೇ ಚುರುಕಾಗಿ ವೇಗ ಹಿಡಿಯುತ್ತದೆ, ಆದ್ದರಿಂದ ಹೆಚ್ಚು ಕಡೆ ನಿಂತರೂ ಹೆಚ್ಚು ತಡವಾಗುವುದಿಲ್ಲ. ಜೋಡಿ ಹಳಿ, ಮೂರನೆಯ ಹಳಿ, ಒಂದರ ಹಿಂದೊಂದು ಬಂಡಿ ಬಿಡಲು ಬೇಕಾದ ಸಿಗ್ನಲ್, ಗೇಟುಗಳ ಜಾಗದಲ್ಲಿ ಸೇತುವೆ – ಇವಕ್ಕೆ ಹಾಕುವ ಹಣಕ್ಕೆ ಹಸಿರು ನಿಶಾನೆಯ ಸಮಾರಂಭವಿಲ್ಲ. ಫೋಟೊ ಚೆನ್ನಾಗಿ ಬರುವುದಿಲ್ಲ. ಕ್ಯಾತಸಂದ್ರದ ವಿದ್ಯಾರ್ಥಿಗೂ ಗುಬ್ಬಿಯ ನೌಕರನಿಗೂ ವೇಗವೆಂದರೆ ಇದೇ.

ಗುಬ್ಬಿಗೆ ಈಗ ಹೊಸ ಅಗತ್ಯವೂ ಇದೆ. ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ತುಮಕೂರಿನಾಚೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಹಿಂದೆ ಬೆಳಿಗ್ಗೆ ಬೆಂಗಳೂರಿನ ಕಡೆಗೆ ಮಾತ್ರ ಇದ್ದ ನೂಕುನುಗ್ಗಲು ಎರಡೂ ದಿಕ್ಕಿಗೆ ಹಂಚಿಹೋಗುವ ದಿನ ದೂರವಿಲ್ಲ.

ಬೆಂಗಳೂರಿನ ಉಪನಗರ ರೈಲಿಗೆ 2020ರಲ್ಲಿ ಕೇಂದ್ರ ಒಪ್ಪಿದ ಮೊತ್ತ 15,767 ಕೋಟಿ ರೂಪಾಯಿ. ಇದರಲ್ಲಿ ಕೇಂದ್ರ ಮತ್ತು ರಾಜ್ಯದ್ದು ಶೇಕಡಾ ಇಪ್ಪತ್ತಿಪ್ಪತ್ತು, ಉಳಿದ ಅರವತ್ತು ಸಾಲ. ಸಾಲ ಕೊಡುವವರಲ್ಲಿ ಜರ್ಮನಿಯ ಬ್ಯಾಂಕೂ ಯುರೋಪಿನ ಬ್ಯಾಂಕೂ ಇವೆ, ಅಂದರೆ ಯೂರೋ ಲೆಕ್ಕ. ನಾಲ್ಕು ಮಾರ್ಗಗಳಲ್ಲಿ ಒಂದು ಬೈಯಪ್ಪನಹಳ್ಳಿಯಿಂದ ಹೊರಟು ಚಿಕ್ಕಬಾಣಾವರಕ್ಕೆ ಬಂದು ಮುಗಿಯುತ್ತದೆ. ತುಮಕೂರು ಹಳಿಯೂ ಕುಣಿಗಲ್ ಹಳಿಯೂ ಕವಲೊಡೆಯುವುದು ಅಲ್ಲಿಂದಲೇ. ಅದನ್ನು ತುಮಕೂರಿನವರೆಗೆ ಮುಂದುವರಿಸಬೇಕೆಂಬ ಒತ್ತಾಯ ಹಳೆಯದು. ರಾಜ್ಯ ಸರ್ಕಾರ ಅದರ ಜೊತೆಗೆ ಇನ್ನೊಂದು ದಾರಿಯನ್ನೂ ನೋಡತೊಡಗಿತು. 2024ರ ಫೆಬ್ರವರಿಯ ಬಜೆಟ್ಟಿನಲ್ಲಿ ನಮ್ಮ ಮೆಟ್ರೊವನ್ನು ತುಮಕೂರಿಗೆ ವಿಸ್ತರಿಸುವ ಸಾಧ್ಯತೆಯ ಅಧ್ಯಯನವನ್ನು ಘೋಷಿಸಿತು. 2025ರಲ್ಲಿ ಮೆಟ್ರೊ ನಿಗಮ ಮಾದಾವರದಿಂದ ತುಮಕೂರಿನವರೆಗಿನ ಸುಮಾರು 60 ಕಿಲೋಮೀಟರಿಗೆ ವಿವರ ವರದಿ ತಯಾರಿಸಲು ಬಿಡ್ ಕರೆಯಿತು. ಅಂದಾಜು 20 ಸಾವಿರ ಕೋಟಿ ರೂಪಾಯಿಗೂ ಮೇಲೆ, ಖಾಸಗಿ ಸಹಭಾಗಿತ್ವದಲ್ಲಿ. ಅಷ್ಟು ದೂರಕ್ಕೆ ನಿಲ್ದಾಣಕ್ಕೊಮ್ಮೆ ನಿಲ್ಲುವ ಮೆಟ್ರೊ ಯೋಗ್ಯವೇ, ಇರುವ ರೈಲು ಹಳಿಗೇ ಆ ಹಣದ ಒಂದು ಭಾಗವನ್ನು ಹಾಕಬಾರದೇ ಎಂಬ ಚರ್ಚೆ ಆಗಲೇ ಎದ್ದಿತು. ನಕ್ಷೆಯಲ್ಲಿ ಆ ದಾರಿ ನೆಲಮಂಗಲ, ದಾಬಸ್‌ಪೇಟೆಯ ಹೆದ್ದಾರಿಯನ್ನು ಹಿಡಿದು ತುಮಕೂರಿಗೆ ಬಂದು ನಿಲ್ಲುತ್ತದೆ. ಕುಣಿಗಲ್ ಕಡೆಗೆ ಅದು ತಿರುಗುವುದಿಲ್ಲ, ಗುಬ್ಬಿಯನ್ನು ಮುಟ್ಟುವುದೂ ಇಲ್ಲ.